ಉರುಳು ಸ್ಟಾಪು

"ಇದು ಬಸ್ಸೋ ಕಸದ ಗಾಡಿಯೋ, ಬೋಳಿಮಗನೆ? ಕಾಲೋನಿ ಮುಂದೆ ನಿಲ್ಸು ಅಂತ ಯಾವನೋ ಹೇಳ್ದ ನಿನಗೆ?"

ಚೆಕಿಂಗ್ ಸಾಹೇಬ ತನ್ನ ಜೀಪನ್ನು ಬಸ್ಸಿನ ಮೂತಿಗೆ ಅಡ್ಡ ಹಾಕಿ ಹತ್ತಿದ್ದ. ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲವರೆಗೆ ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡೇ ನಡೆದು ಬಂದ. ಮುಚ್ಚಿಕೊಳ್ಳುವಂಥದ್ದು ಅಲ್ಲೇನೂ ಇರಲಿಲ್ಲ. ಫಿನಾಯಿಲ್ ವಾಸನೆ, ಒದ್ದೆ ಬಟ್ಟೆಯ ವಾಸನೆ, ಅಷ್ಟೆ. ಕಾಲೋನಿಯಲ್ಲಿ ಹತ್ತಿದ ಈ ಹೆಂಗಸರು ಊರಿನ ಆಸ್ಪತ್ರೆ, ಆಫೀಸು, ದೊಡ್ಡ ದೊಡ್ಡ ಕಟ್ಟಡಗಳನ್ನು ಗುಡಿಸಿ ತೊಳೆಯುವವರು. ಊರಿನ ಮೂಗಿಗೆ ಹಿತವಾಗಲೆಂದೇ ಅವರ ಮೈಗೆ ಆ ವಾಸನೆ ಅಂಟಿತ್ತು.

ಕಂಡಕ್ಟರ್ ಟಿಕೆಟ್ ಮೆಷಿನ್ನನ್ನು ಎದೆಗೊತ್ತಿಕೊಂಡು, ಪಾಪ ಕೈ ತೋರಿಸಿದರು ಸಾರ್, ಎಂದ. ಪಾಪ ಎಂಬ ಮಾತು ಕೇಳಿದ್ದೇ ಸಾಹೇಬನ ಪಿತ್ತ ನೆತ್ತಿಗೇರಿತು. ಕೈ ತೋರಿಸಿದವರಿಗೆಲ್ಲ ನಿಲ್ಲಿಸಲು ಇದೇನು ನಿಮ್ಮಪ್ಪ ಕೊಡಿಸಿದ ಗಾಡಿಯೇ ಎಂದು ಕೂಗಾಡಿದ. ಕೂಗಿ ಕೂಗಿ ಸುಸ್ತಾದಾಗ ಅವನ ಕಣ್ಣು ಸೀಟಿನ ಮೇಲೆ ಕೂತ ಹೆಂಗಸೊಬ್ಬಳ ಮೇಲೆ ಬಿತ್ತು. ಹೊಸ ಬಸ್ಸು, ಬಟ್ಟೆ ಹೊದಿಸಿದ ಸೀಟು.

"ಏಯ್, ಏಳು ಮೇಲೆ. ಕೂರೋ ಮುಂಚೆ ಹಿಂದೆ ಒರೆಸ್ಕೊಂಡ್ಯಾ?"

ಅವಳು ಗಂಟಲಕ್ಕ. ಅವಳ ದನಿ ಆಸ್ಪತ್ರೆಯ ಆ ವಾರ್ಡಿನಿಂದ ಈ ವಾರ್ಡಿಗೆ ಫೋನಿಲ್ಲದೆ ಮುಟ್ಟುತ್ತದೆಂದು ಇಟ್ಟ ಹೆಸರು. ಎದ್ದು ನಿಂತು, ಸಮಾಧಾನವಾಗಿಯೇ ಹೇಳಿದಳು.

"ಸಾಹೇಬ್ರೆ, ಹೋದ ವರ್ಷ ನಿಮ್ಮಾಫೀಸಿನ ಕಕ್ಕಸು ತೊಳೀತಿದ್ದಿದ್ದು ನಾನೇ. ಯಾರು ಒರೆಸ್ಕೋತಾರೆ ಯಾರು ಇಲ್ಲ ಎಲ್ಲಾ ಗೊತ್ತು ನನಗೆ."

ಬಸ್ಸಿಗೆ ಬಸ್ಸೇ ಕಿಸಕ್ಕೆಂದಿತು. ನಗುವಿಗೆ ಶಿಕ್ಷೆಯಾಗಿ ಕಾಲೋನಿಯ ಹೆಂಗಸರಷ್ಟೂ ಅಲ್ಲೇ, ಮೇಲ್ಸೇತುವೆಯ ಕಂಬಗಳ ನಡುವೆ, ಲಾರಿಗಳು ಓಡುವ ಜಾಗದಲ್ಲಿ ಇಳಿಯಬೇಕಾಯಿತು. ಅವರು ಇಳಿದು ಮುಗಿಯುವವರೆಗೆ ಕಂಡಕ್ಟರ್ ಬಾಗಿಲನ್ನು ಹಿಡಿದುಕೊಂಡು ನಿಂತಿದ್ದ. ಬಾಗಿಲು ಹಿಡಿಯೋದು ಚೆನ್ನಾಗಿ ಕಲ್ತಿದ್ದೀಯ ಚಿಲ್ರೆ ಎಂದು ಗಂಟಲಕ್ಕ ಹೇಳಿ ಇಳಿದಳು. ಅವನ ಕಿವಿ ಸಂಜೆಯವರೆಗೂ ಬಿಸಿಯಾಗಿಯೇ ಇತ್ತು.

ಚಿಲ್ರೆ ಅವಳೇ ಇಟ್ಟ ಹೆಸರು. ದಿನವಿಡೀ ಚಿಲ್ರೆ ಕೊಡಿ, ಚಿಲ್ರೆ ಕೊಡಿ ಎಂದು ಬಡಿದುಕೊಳ್ಳುತ್ತಾನೆ ಎಂಬುದು ಒಂದು ಕಾರಣ. ಆಳೂ ಹಾಗೇ ಇದ್ದಾನೆ ಎಂಬುದು ಇನ್ನೊಂದು. ಅವನು ಸಾರಿಗೆ ಇಲಾಖೆಯ ನೌಕರನಲ್ಲ, ಗುತ್ತಿಗೆದಾರನ ಕಡೆಯವನು. ಅವನನ್ನು ಕೆಲಸದಿಂದ ತೆಗೆಯಲು ಯಾರೂ ಏನೂ ಬರೆಯಬೇಕಾಗಿಲ್ಲ. ನಾಳೆಯಿಂದ ಬರಬೇಡ ಎಂದರೆ ಮುಗಿಯಿತು.

ಹಿಂದೆ ಕಾಲೋನಿಯ ಮುಂದೆಯೇ ಸ್ಟಾಪು ಇತ್ತು. ಒಂದು ಕಲ್ಲುಬೆಂಚು, ಒಂದು ಕಂಬ, ಕಂಬಕ್ಕೊಂದು ತುಕ್ಕು ಹಿಡಿದ ಬೋರ್ಡು. ಊರನ್ನು ಜನಸ್ನೇಹಿ ಮಾಡುವ ಯೋಜನೆ ಬಂದಾಗ ಮೊದಲು ಹೋದದ್ದು ಆ ಬೆಂಚು. ಸ್ಟಾಪು ಕಡಿಮೆಯಾದರೆ ಬಸ್ಸು ಬೇಗ ಹೋಗುತ್ತದೆ, ಬೇಗ ಹೋದರೆ ಕಾರಿನವರು ಕಾರು ಬಿಟ್ಟು ಬಸ್ಸು ಹತ್ತುತ್ತಾರೆ ಎಂದು ಯಾರೋ ಲೆಕ್ಕ ಹಾಕಿದ್ದರು. ಹೊಸ ಸ್ಟಾಪು ಮಾಲಿನ ಎದುರಿಗೆ ಬಂತು. ಗಾಜಿನ ಗೋಡೆ, ಮೊಬೈಲ್ ಚಾರ್ಜು ಮಾಡುವ ತೂತು, ಬೆನ್ನಿಗೆ ಒರಗು. ಅಲ್ಲಿ ಹತ್ತುವವರೂ ಇಲ್ಲ, ಇಳಿಯುವವರೂ ಇಲ್ಲ. ಕಾಲೇಜಿನ ಜೋಡಿಗಳು ಮಾತ್ರ ಫೋಟೋ ತೆಗೆಸಿಕೊಳ್ಳುತ್ತವೆ.

ಬಸ್ಸು ನಿಲ್ಲಬಾರದ ಕಡೆ ನಿಂತರೆ ಡಿಪೋದ ಗೋಡೆಯ ಮೇಲಿನ ಪರದೆಯಲ್ಲಿ ಕೆಂಪು ಚುಕ್ಕೆ ಬೀಳುತ್ತದೆ. ಚುಕ್ಕೆ ಬಿದ್ದರೆ ಸಾಹೇಬನ ಜೀಪು ಹೊರಡುತ್ತದೆ. ಆದರೆ ಗಾಲಿ ಪೂರ್ತಿ ನಿಂತರೆ ಮಾತ್ರ ಚುಕ್ಕೆ, ಉರುಳುತ್ತಲೇ ಇದ್ದರೆ ಇಲ್ಲ ಎಂಬುದನ್ನು ಡ್ರೈವರಣ್ಣ ಒಂದು ದಿನ ಚಹಾ ಕುಡಿಯುತ್ತ ಹೇಳಿದ. ಹೇಳಿದವನು ಅದನ್ನು ಮರೆತ. ಕಂಡಕ್ಟರ್ ಮರೆಯಲಿಲ್ಲ.

ಹೆಂಗಸರನ್ನು ನಡುದಾರಿಯಲ್ಲಿ ಇಳಿಸಿದ ಮರುದಿನದಿಂದಲೇ ಉರುಳು ಸ್ಟಾಪು ಶುರುವಾಯಿತು. ಕಾಲೋನಿ ಬರುತ್ತಿದ್ದಂತೆ ಡ್ರೈವರಣ್ಣ ಗಾಡಿಯನ್ನು ಆಳು ನಡೆಯುವಷ್ಟು ನಿಧಾನ ಮಾಡುತ್ತಾನೆ. ಹೆಂಗಸರು ಜೊತೆಗೆ ಓಡುತ್ತಾರೆ. ಕಂಡಕ್ಟರ್ ಹಿಂಬಾಗಿಲಲ್ಲಿ ಬಗ್ಗಿ ಒಬ್ಬೊಬ್ಬರ ರಟ್ಟೆ ಹಿಡಿದು ಎಳೆದುಕೊಳ್ಳುತ್ತಾನೆ. ಕೊನೆಯವಳು ಒಳಗೆ ಬಂದಳೆಂದರೆ ರೈಟ್ ಎನ್ನುತ್ತಾನೆ, ಗಾಡಿ ಓಡುತ್ತದೆ. ಸುತ್ತು ಬಸ್ಸಾದ್ದರಿಂದ ಸಂಜೆಯೂ ಅದೇ ಪಕ್ಕಕ್ಕೆ ಬರುತ್ತದೆ. ಆಗ ಇಳಿಯುವ ಆಟ.

ಆಟವೆಂದೇ ಅವರು ಅದನ್ನು ತೆಗೆದುಕೊಂಡರು. ಹೊಸಬರಿಗೆ ಪಾಠ ಹೇಳುವವಳು ಗಂಟಲಕ್ಕ. ಬಸ್ಸು ಹೋಗುವ ಕಡೆಗೇ ಮುಖ ಮಾಡಬೇಕು, ಇಳಿದ ಮೇಲೂ ನಿಲ್ಲದೆ ಓಡಬೇಕು, ನೀನಿನ್ನೂ ಒಳಗೇ ಇದ್ದೀಯ ಅಂತ ಬಸ್ಸಿಗೆ ಅನ್ನಿಸಬೇಕು ಎನ್ನುತ್ತಿದ್ದಳು. ಮೊಮ್ಮಕ್ಕಳನ್ನು ಕಂಡವರೂ ಸೆರಗು ಸಿಕ್ಕಿಸಿಕೊಂಡು ಓಡಿದರು. ಬಿದ್ದವರು ಬೈದುಕೊಂಡು ಎದ್ದರು, ನೋಡಿದವರು ನಕ್ಕರು. ಕಂಡಕ್ಟರನಿಗೆ ಒಳಗೊಳಗೇ ಹೆಮ್ಮೆ. ಸಾಹೇಬನ ಕಣ್ಣಿಗೆ ಮಣ್ಣೆರಚಿದೆ ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡ. ಅವಳು ಬಟ್ಟೆ ಫ್ಯಾಕ್ಟರಿಯಲ್ಲಿ ಗುಂಡಿ ಹಾಕುವವಳು. ಯಾರಾದರೂ ಬೀಳ್ತಾರೆ, ಹುಷಾರು ಎಂದಳು. ಅವನಿಗೆ ಸಿಟ್ಟು ಬಂದಿತ್ತು.

ಮೆಟ್ಟಿಲಕ್ಕ ಆ ಆಟಕ್ಕೆ ಕೊನೆಯಲ್ಲಿ ಸೇರಿದವಳು. ಒಂದು ದೊಡ್ಡ ಕಟ್ಟಡದ ಮೆಟ್ಟಿಲು ಒರೆಸುವುದು ಅವಳ ಕೆಲಸ. ಅಲ್ಲಿರುವವರು ಲಿಫ್ಟಿನಲ್ಲಿ ಓಡಾಡುತ್ತಾರೆ, ಮೆಟ್ಟಿಲು ತುಳಿಯುವವಳು ಅವಳೊಬ್ಬಳೇ. ತಾನೇ ತುಳಿದು ತಾನೇ ಒರೆಸುತ್ತೇನೆ ಎಂದು ಹೇಳಿಕೊಂಡು ನಗುತ್ತಿದ್ದಳು. ಅವಳಿಗೆ ಬಸ್ಸೆಂದರೆ ಆಗದು. ಮೊದಲಿನಿಂದ ನಡೆದೇ ಹೋಗಿ ನಡೆದೇ ಬರುತ್ತಿದ್ದವಳು. ರಸ್ತೆ ಅಗಲ ಮಾಡುವಾಗ ಫುಟ್‌ಪಾತನ್ನು ಕೆರೆದು ಹಾಕಿ, ಉಳಿದ ಪಟ್ಟಿಗೆ ಹಸಿರು ಬಣ್ಣ ಬಳಿದು ಸೈಕಲ್ಲಿನ ಚಿತ್ರ ಬರೆದರು. ಚಿತ್ರದ ಮೇಲೆ ಮಾಲಿನ ಕಾರುಗಳು ನಿಂತವು. ಕಾರುಗಳಾಚೆ ಲಾರಿಗಳು. ನಡೆಯುವವಳು ಇವೆರಡರ ನಡುವೆ ಮೈ ಹಿಂಡಿಕೊಂಡು ಹೋಗಬೇಕು. ಒಂದು ದಿನ ಲಾರಿಯ ಕೊಕ್ಕೆಗೆ ಅವಳ ಸೆರಗು ಸಿಕ್ಕಿ ಹರಿಯಿತು. ಅವತ್ತಿನಿಂದ ಬಸ್ಸು ಹತ್ತಿದಳು.

ಅವಳಿಗೊಂದು ಅಭ್ಯಾಸ. ಏನು ಮಾಡುವುದಕ್ಕೂ ಮೊದಲು ಕೇಳಬೇಕು. ಬರ್ಲಾ, ಒರೆಸ್ಲಾ, ನೀರು ಹಾಕ್ಲಾ, ಹೋಗ್ಲಾ. ಕೇಳದೆ ಒಂದು ಬಾಗಿಲ ಮುಂದೆ ಬಕೆಟ್ಟು ಇಟ್ಟದ್ದಕ್ಕೆ ಆ ಕಟ್ಟಡದಲ್ಲಿ ಒಮ್ಮೆ ಅವಳ ಕೆಲಸವೇ ಹೋಗುವುದರಲ್ಲಿತ್ತು. ಸಂಜೆ ಮನೆಗೆ ಹೊರಟಾಗ ಗೇಟಿನಲ್ಲಿ ವಾಚ್‌ಮನ್ ಅವಳ ಚೀಲ ಜಾಲಾಡುತ್ತಾನೆ. ಹೋಗ್ಲಾ ಅಣ್ಣಾ ಎಂದು ಇವಳು ಕೇಳುತ್ತಾಳೆ. ರೈಟ್ ಎನ್ನುತ್ತಾನೆ ಅವನು. ಆಮೇಲೆ ಅವಳು ಹೊಸ್ತಿಲು ದಾಟುತ್ತಾಳೆ.

ಬಸ್ಸಿನಲ್ಲೂ ಹಾಗೇ. ಫುಟ್‌ಬೋರ್ಡಿನ ಮೇಲೆ ನಿಂತು ದಿನವೂ, ಇಳೀಲೇನಪ್ಪಾ ಎಂದು ಕೇಳಿಯೇ ಇಳಿಯುವವಳು. ಇಳಿಯಕ್ಕಾ, ನಿನ್ನ ಕಾಲು ನಿಂದು, ನೆಲ ಊರಿಂದು, ನನ್ನನ್ನೇನು ಕೇಳ್ತೀಯ ಎಂದು ಕಂಡಕ್ಟರ್ ಛೇಡಿಸಿ ಅವಳ ತೋಳು ಹಿಡಿದು ಇಳಿಸುತ್ತಿದ್ದ.

ಅದು ಇನ್ನೂ ಬೆಳಕಿದ್ದ ಸಂಜೆ. ಕಾಲೋನಿ ಹತ್ತಿರ ಗಾಡಿ ಉರುಳಲು ಶುರುವಾಯಿತು. ಗಂಟಲಕ್ಕ ಮೊದಲು ಇಳಿದು ಓಡಿದಳು. ಹಿಂದೆ ಒಬ್ಬೊಬ್ಬರಾಗಿ ಇಳಿದರು. ಕಂಡಕ್ಟರ್ ಕತ್ತು ಹೊರಗೆ ಹಾಕಿ ಹಿಂದೆ ನೋಡಿದ. ಕಾರುಗಳ ಸಾಲಿನಲ್ಲಿ ಸಾಹೇಬನ ಜೀಪು ಬರುತ್ತಿತ್ತು.

ಮೆಟ್ಟಿಲಕ್ಕ ಕೊನೆಯ ಮೆಟ್ಟಿಲಲ್ಲಿ, ಕಂಬಿ ಹಿಡಿದು ನಿಂತಿದ್ದಳು.

"ಇಳೀಲೇನಪ್ಪಾ?"

ಅವನಿಗೆ ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಬೇಡ ಎಂದು ಹೇಳಲು ಒಂದು ಉಸಿರು ಸಾಕಿತ್ತು, ಕೈ ಅಡ್ಡ ಹಿಡಿದಿದ್ದರೂ ಆಗುತ್ತಿತ್ತು. ಆದರೆ ಅವನ ಕಣ್ಣು ಜೀಪಿನ ಮೇಲಿತ್ತು. ಇವಳನ್ನು ಮಾಲಿನ ಹತ್ತಿರ ಇಳಿಸಿದರಾಯಿತು, ಮುದುಕಿ ನಡೆದುಕೊಂಡು ಬರುತ್ತಾಳೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ಡ್ರೈವರಣ್ಣನ ಕಡೆಗೆ ಕೂಗಿದ.

"ರೈಟ್ ರೈಟ್!"

ಬಸ್ಸಿನ ಭಾಷೆ ಗೊತ್ತಿದ್ದವರಾಗಿದ್ದರೆ ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದರು. ಮೆಟ್ಟಿಲಕ್ಕ ಆಗಲಪ್ಪಾ ಎಂದಳು. ಗೇಟು ದಾಟುವ ಹಾಗೆ, ಅವಸರವಿಲ್ಲದೆ ಕೆಳಗೆ ಹೆಜ್ಜೆ ಇಟ್ಟಳು. ಬಾಗಿಲ ಹಿಂದೆಯೇ ಗಾಲಿ ಇತ್ತು. ಅದು ಅವಳ ಪಾದದ ಮೇಲೆ ಹಾದಾಗ ಬಸ್ಸಿನೊಳಗಿದ್ದವರಿಗೆ ಒಂದು ಸಣ್ಣ ಕುಲುಕು ಮಾತ್ರ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿದ್ದು ಗಂಟಲಕ್ಕನಿಂದ. ಅವಳು ಆ ವಾರ್ಡು ಗುಡಿಸುವವಳಾದ್ದರಿಂದ ಯಾವ ಮಂಚ ಯಾವಾಗ ಖಾಲಿಯಾಗುತ್ತದೆಂದು ಗೊತ್ತಿತ್ತು. ಡಾಕ್ಟರು ಪಾದವನ್ನು ಹರಡಿನ ಮೇಲಕ್ಕೆ ಕತ್ತರಿಸಿ ತೆಗೆದರು. ಮೂರನೆಯ ದಿನ ಕಂಡಕ್ಟರ್ ಹೋದಾಗ ಮೆಟ್ಟಿಲಕ್ಕ ಗೋಡೆಗೆ ಒರಗಿ ಕೂತು, ಬಟ್ಟಲಿನಲ್ಲಿ ಗಂಜಿ ಕುಡಿಯುತ್ತಿದ್ದಳು. ಹೊದಿಕೆಯ ಕೆಳಗೆ ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು. ಅವನು ಆ ತಗ್ಗನ್ನು ನೋಡದೆ ಇರಲು ಏನೆಲ್ಲ ಪಾಡುಪಟ್ಟ.

ಅವನು ಬಾಯಿ ತೆರೆಯುವ ಮೊದಲು ಅವಳೇ ಹೇಳಿದಳು.

"ಅಳ್ಬೇಡ ಕಣಪ್ಪಾ. ನಾನು ಕೇಳಿದ್ದು ನಿನಗೆ ಕೇಳ್ಸೇ ಇಲ್ಲ. ನೀನು ಡ್ರೈವರಿಗೆ ಅಂದೆ, ನನಗೇ ಹೇಳ್ದೆ ಅಂತ ನಾನು ಅಂದ್ಕೊಂಡೆ. ನಿಂದೇನು ತಪ್ಪು?"

ಕೇಳಿಸಿತ್ತು ಎಂದು ಆ ಹೊತ್ತಿಗೇ ಹೇಳಿಬಿಡಬೇಕಿತ್ತು. ಹೌದಕ್ಕಾ ಎಂದುಬಿಟ್ಟ. ಬಾಯಿಯಿಂದ ಬಂದ ಮೇಲೆ ಅದು ಅವನದೇ ಮಾತಾಯಿತು.

ಕಾಲೋನಿಯ ಹೆಂಗಸರು ಮಂಚದ ಸುತ್ತ ನಿಂತು ಆಗಲೇ ತೀರ್ಮಾನ ಮಾಡಿದ್ದರು. ಉರುಳು ಸ್ಟಾಪಿನ ವಿಷಯ ಯಾರೂ ಬಾಯಿ ಬಿಡಬಾರದು. ಚಿಲ್ರೆ ಹೋದರೆ ಇನ್ನೊಬ್ಬ ಬರುತ್ತಾನೆ, ಅವನು ನಿಧಾನ ಕೂಡ ಮಾಡುವುದಿಲ್ಲ. ಪೊಲೀಸರು ಬಂದರೆ ನಾನೇ ಹಾರಿದೆ ಎಂದು ಹೇಳುತ್ತೇನೆ ಎಂದು ಮೆಟ್ಟಿಲಕ್ಕ ಒಪ್ಪಿಕೊಂಡಿದ್ದಳು. ಒಂದು ಕಾಲು ಹೋದವಳು ಎರಡೂ ಕಾಲಿರುವ ತನ್ನನ್ನು ಉಳಿಸುತ್ತಿದ್ದಾಳೆಂದು ಅವನಿಗೆ ಅರ್ಥವಾಗುತ್ತಿತ್ತು. ನಾಚಿಕೆಯಾಯಿತು. ನಾಚಿಕೆಯ ಅಡಿಯಲ್ಲಿ, ಸದ್ಯ ಬಚಾವಾದೆ ಎಂಬ ಸಮಾಧಾನವೂ ಇತ್ತು, ಅದಕ್ಕಾಗಿ ಇನ್ನೂ ನಾಚಿಕೆಯಾಯಿತು. ವಾರ್ಡಿನ ಹೊರಗೆ ಬಂದು ನಲ್ಲಿಯ ನೀರನ್ನು ಮುಖಕ್ಕೆ ಹಾಕಿಕೊಂಡ.

ಡಿಪೋ ಮ್ಯಾನೇಜರು ಅವನನ್ನು ಕೂರಿಸಲಿಲ್ಲ. ಮೇಜಿನ ಮೇಲೆ ಒಂದು ಆಟದ ಬಸ್ಸು, ಗೋಡೆಯ ಮೇಲೆ ನಗುನಗುತ್ತ ಸೈಕಲ್ ತುಳಿಯುವ ಸಂಸಾರದ ಚಿತ್ರ. ಚೆಕಿಂಗ್ ಸಾಹೇಬ ಬಾಗಿಲಿಗೆ ಒರಗಿ ಉಗುರು ಕಚ್ಚುತ್ತಿದ್ದ. ಗಾಡಿ ನಿಂತಿತ್ತೇ ಎಂದು ಮ್ಯಾನೇಜರು ಕೇಳಿದರು. ಇಲ್ಲ ಸಾರ್ ಎಂದ. ನೀನೇನಾದರೂ ಇಳಿ ಅಂದೆಯಾ? ಇಲ್ಲ ಸಾರ್. ಅವಳು ಏನಾದರೂ ಕೇಳಿದಳಾ? ಅವನು ಆಟದ ಬಸ್ಸಿನ ಗಾಲಿ ನೋಡುತ್ತ ನಿಂತ. ಮ್ಯಾನೇಜರು ಮೇಜು ಗುದ್ದಿದರು.

"ಕೇಳಿದ್ದೀನಿ, ಬೊಗಳೋ. ಇಂಥ ಮುಂಡೇವಕ್ಕೆ ಬಸ್ಸು ಹತ್ತೋಕೂ ಬರಲ್ಲ, ಇಳಿಯೋಕೂ ಬರಲ್ಲ. ಅವಳೇ ಹಾರಿದ್ದು ತಾನೇ?"

"ಹೌದು ಸಾರ್. ಅವ್ರೇ ಹಾರಿದ್ರು."

ಬರವಣಿಗೆ ಬೇಡ, ಇದನ್ನೇ ಇನ್ನೊಂದು ಸಲ ಹೇಳು ಎಂದು ಮ್ಯಾನೇಜರು ಫೋನು ಎತ್ತಿ ಹಿಡಿದರು. ಟೋಪಿ ನೆಟ್ಟಗೆ ಮಾಡಿಸಿದರು. ಮೊದಲನೆಯ ಸಲ ದನಿ ಸಣ್ಣದಾಯಿತೆಂದು ಮತ್ತೆ ಹೇಳಿಸಿದರು. ಎರಡನೆಯ ಸಲ ಅವನು ಗಟ್ಟಿಯಾಗಿ, ಸ್ಪಷ್ಟವಾಗಿ, ಕ್ಯಾಮೆರಾವನ್ನೇ ನೋಡುತ್ತ ಹೇಳಿದ. ನಾನು ಏನೂ ಹೇಳಲಿಲ್ಲ, ಅವರೂ ಏನೂ ಕೇಳಲಿಲ್ಲ, ಓಡುತ್ತಿರುವ ಬಸ್ಸಿನಿಂದ ಅವರೇ ಹಾರಿದರು. ಸಾಹೇಬ ಬಂದು ಬೆನ್ನು ತಟ್ಟಿದ. ಆ ಸಾಹೇಬ ಅವನನ್ನು ಬೈಯದೆ ಮುಟ್ಟಿದ್ದು ಅದೇ ಮೊದಲು.

ಸುರಕ್ಷತಾ ಸಪ್ತಾಹ ಬಂತು. ಹೊಸ ಬಸ್ಸುಗಳಲ್ಲಿ ಡ್ರೈವರನ ಹಿಂದೆ ಒಂದು ಟಿವಿ ಇರುತ್ತದೆ, ಅದರಲ್ಲಿ ಸೋಪಿನ, ಚಿನ್ನದ ಜಾಹೀರಾತು ಬರುತ್ತಿರುತ್ತವೆ. ಆ ವಾರದಿಂದ ಸೋಪು ಮತ್ತು ಚಿನ್ನದ ನಡುವೆ ಕಂಡಕ್ಟರನೂ ಬರತೊಡಗಿದ. ಮೊದಲು ಅವನ ಮುಖ, ಆಮೇಲೆ ಅವನ ಮಾತು, ಕೊನೆಗೆ ದೊಡ್ಡ ಅಕ್ಷರದಲ್ಲಿ ‘ಅವಸರ ಬೇಡ, ಜೀವ ಅಮೂಲ್ಯ’. ಒಂದು ಸುತ್ತು ಮುಗಿಯುವುದರೊಳಗೆ ಅವನು ತನ್ನ ಸುಳ್ಳನ್ನು ತಾನೇ ಎಷ್ಟೋ ಸಲ ಕೇಳಬೇಕಾಗುತ್ತಿತ್ತು. ಟಿಕೆಟ್ ಕೊಡುವಾಗ ಕೇಳುತ್ತಿತ್ತು, ಚಿಲ್ಲರೆ ಎಣಿಸುವಾಗ ಕೇಳುತ್ತಿತ್ತು. ಜನ ಒಮ್ಮೆ ಟಿವಿ ಕಡೆಗೆ, ಒಮ್ಮೆ ಅವನ ಕಡೆಗೆ ನೋಡಿ ಹೀರೋ ಆಗಿಬಿಟ್ಟೆಯಲ್ಲ ಮಾರಾಯಾ ಎಂದು ನಗುತ್ತಿದ್ದರು. ಅದರ ದನಿ ತಗ್ಗಿಸುವ ಗುಂಡಿ ಬಸ್ಸಿನಲ್ಲಿರಲಿಲ್ಲ.

ಮನೆಯಲ್ಲಿ ಊಟಕ್ಕೆ ಕರೆದರೂ ಏಳದೆ ಕೂತಿದ್ದ. ಹೆಂಡತಿ ಎರಡು ಸಲ ಕರೆದಳು. ಮೂರನೆಯ ಸಲ ಹತ್ತಿರ ಬಂದು, ಕೇಳಿಸ್ತಾ ಇಲ್ವಾ ನಿನಗೆ ಎಂದಳು. ಅವನು ತಟ್ಟೆಯನ್ನು ಗೋಡೆಗೆ ಎಸೆದ. ಅವಳು ಅನ್ನ ಬಳಿದು ಹಾಕಿ, ಆಮೇಲೆ ಅವನ ಹತ್ತಿರ ಕೂತು ಕೇಳಿದಳು.

"ಆ ಯಮ್ಮ ಕೇಳಿದ್ದು ನಿನಗೆ ಕೇಳಿಸಿತ್ತು ಅಲ್ವಾ?"

ಅವನು ಗೋಡೆಯ ಮೇಲಿನ ಸಾರಿನ ಕಲೆ ನೋಡಿದ. ಅವಳು ಮತ್ತೆ ಕೇಳಲಿಲ್ಲ. ಮರುದಿನ ಅವನ ಬುತ್ತಿ ಕಟ್ಟಿದಳು, ಅಂಗಿಗೆ ಗುಂಡಿ ಹಾಕಿಕೊಟ್ಟಳು, ಮಾತು ಮಾತ್ರ ಕಡಿಮೆ ಮಾಡಿದಳು.

ಅಷ್ಟಕ್ಕೇ ನಿಂತಿದ್ದರೆ ಹೇಗೋ ಸಹಿಸುತ್ತಿದ್ದನೇನೋ. ಸಪ್ತಾಹ ಮುಗಿಯುತ್ತಿದ್ದಂತೆ ಕಾಲೋನಿಯ ಮುಂದೆ ಕಬ್ಬಿಣ ಬಂದು ಬಿತ್ತು. ಓಡುವ ಬಸ್ಸಿನಿಂದ ಈ ಜನ ಹಾರುತ್ತಾರೆ, ಕಂಡಕ್ಟರೇ ಹೇಳಿದ್ದಾನೆ, ಆದ್ದರಿಂದ ಅವರ ಜೀವ ಉಳಿಸಲು ಬೇಲಿ. ಎದೆಯೆತ್ತರದ ಕಂಬಿಬೇಲಿ ಕಾಲೋನಿಯ ಈ ತುದಿಯಿಂದ ಆ ತುದಿಯವರೆಗೆ ಎದ್ದಿತು. ಬೆಸುಗೆ ಹಾಕಿದವರೂ ಕೂಲಿಯವರೇ, ಕಾಲೋನಿಯಲ್ಲೇ ನೀರು ಇಸಿದುಕೊಂಡು ಕುಡಿದರು. ಹೊರಗೆ ಬರಲು ಪೆಟ್ರೋಲ್ ಬಂಕಿನಾಚೆ ಒಂದೇ ಒಂದು ಕಿಂಡಿ. ಹೆಂಗಸರು ಬೆಳಗಾದರೆ ಬೇಲಿಗೂ ಚರಂಡಿಗೂ ನಡುವಿನ ಓಣಿಯಲ್ಲಿ ಒಬ್ಬರ ಹಿಂದೊಬ್ಬರು ಆ ಕಿಂಡಿಗೆ ನಡೆದು, ಅಲ್ಲಿಂದ ಲಾರಿಗಳ ನಡುವೆ ನುಸುಳಿ ಮಾಲಿನ ಸ್ಟಾಪಿಗೆ ಹೋಗಬೇಕಾಯಿತು. ತಡವಾಯಿತೆಂದು ಇಬ್ಬರ ಕೆಲಸ ಹೋಯಿತು.

ಬಸ್ಸಿನ ಬಾಗಿಲಲ್ಲಿ ನಿಂತ ಅವನಿಗೆ ಬೇಲಿಯಾಚೆ ಅವರು ನಡೆಯುವುದು ಕಾಣುತ್ತಿತ್ತು. ಮಾಲಿನ ಹತ್ತಿರ ಹತ್ತಿದಾಗ ಯಾರೂ ಅವನನ್ನು ಬೈಯಲಿಲ್ಲ. ಟಿವಿಯಲ್ಲಿ ಅವನು ಬಂದಾಗ ಗಂಟಲಕ್ಕ ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದಳು. ಒಂದು ದಿನ ಅವನು ತಡೆಯಲಾರದೆ, ಅಕ್ಕಾ ಬೈಯಾದ್ರೂ ಬೈಯಿ ಎಂದ. ನಾವೇ ಹಾಗೆ ಹೇಳು ಅಂದಿದ್ವಲ್ಲ ಬಿಡೋ ಎಂದಳು ಅವಳು. ಅವಳ ಗಂಟಲು ಅವತ್ತು ಎರಡು ಸೀಟಿನಾಚೆಗೂ ಕೇಳಿಸಲಿಲ್ಲ. ಚಿಲ್ರೆ ಎಂದು ಅವನನ್ನು ಕರೆಯುವುದನ್ನೂ ಬಿಟ್ಟಿದ್ದಳು. ಆ ಹೆಸರು ಇಷ್ಟು ಬೇಕೆನಿಸುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಮೆಟ್ಟಿಲಕ್ಕ ಈಗ ಮನೆಯಲ್ಲೇ. ಕಂಕುಳಿಗೆ ಊರುಗೋಲು. ಮೆಟ್ಟಿಲು ಹತ್ತಲಾಗದವಳಿಗೆ ಮೆಟ್ಟಿಲು ಒರೆಸುವ ಕೆಲಸ ಯಾರು ಕೊಡುತ್ತಾರೆ? ಹಗಲೆಲ್ಲ ಬೇಲಿಯ ಹತ್ತಿರ ಒಂದು ಡಬ್ಬದ ಮೇಲೆ ಕೂತು ರಸ್ತೆ ನೋಡುತ್ತಾಳೆ. ಅವನ ಬಸ್ಸು ಬಂದಾಗ ಮರೆಯದೆ ಕೈ ಎತ್ತುತ್ತಾಳೆ. ಅವನು ಆ ಹೊತ್ತಿಗೆ ಬಸ್ಸಿನ ಇನ್ನೊಂದು ಪಕ್ಕಕ್ಕೆ ಹೋಗಿ ಟಿಕೆಟ್ ಕೊಡುತ್ತಿದ್ದ. ಟಿಕೆಟ್ ತೆಗೆದುಕೊಂಡವರನ್ನೇ ಮತ್ತೆ ಕೇಳುತ್ತಿದ್ದ.

ನಡಿಗೆ, ಸೈಕಲ್ಲು ಮತ್ತು ಬಸ್ಸಿನ ದಿನಾಚರಣೆ ಎಂದು ಒಂದು ಬೆಳಿಗ್ಗೆ ಇಲಾಖೆಯ ದೊಡ್ಡ ಸಾಹೇಬರು ಬಸ್ಸಿನಲ್ಲಿ ಓಡಾಡಲು ಬಂದರು. ಆರಿಸಿದ್ದು ಇವನ ಬಸ್ಸನ್ನೇ. ಟಿವಿಯಲ್ಲಿ ಬಂದ ಮುಖವಲ್ಲವೇ. ಸೀಟುಗಳನ್ನು ಸೋಪು ಹಾಕಿ ಉಜ್ಜಿಸಿದ್ದರು. ಬಿಳಿ ಟೋಪಿ, ಬಿಳಿ ಬೂಟು ಹಾಕಿಕೊಂಡವರು ಬಸ್ಸಿನ ತುಂಬ. ಬಸ್ಸಿನ ಹಿಂದೆ ಒಂದು ವ್ಯಾನು, ಅದರಲ್ಲಿ ಅವರು ಆಮೇಲೆ ತುಳಿಯಲಿರುವ ಸೈಕಲ್ಲುಗಳು. ಅದರ ಹಿಂದೆ ಅವರ ಕಾರುಗಳು, ಖಾಲಿಯಾಗಿ, ಒಂದರ ಹಿಂದೊಂದು ಬರುತ್ತಿದ್ದವು. ಮ್ಯಾನೇಜರು ಕಂಡಕ್ಟರನನ್ನು ಮುಂದಕ್ಕೆ ತಳ್ಳಿ, ಇವನೇ ಸಾರ್ ಆ ಪ್ರಾಮಾಣಿಕ ಹುಡುಗ ಎಂದು ಪರಿಚಯಿಸಿದರು. ದೊಡ್ಡ ಸಾಹೇಬರು ಕೈ ಕುಲುಕಿದರು. ಅವರ ಕೈ ಮೆತ್ತಗೆ, ಬೆಚ್ಚಗೆ ಇತ್ತು. ಟಿವಿಯಲ್ಲಿ ಸೋಪು ಮುಗಿದು ಅವನು ಶುರುವಾದ. ನಾನು ಏನೂ ಹೇಳಲಿಲ್ಲ, ಅವರೂ ಏನೂ ಕೇಳಲಿಲ್ಲ. ಬಸ್ಸಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಕಾಲೋನಿ ಬಂತು. ಬೇಲಿಯಾಚೆ ಹೆಂಗಸರು ಕಿಂಡಿಯ ಕಡೆಗೆ ಸಾಲಾಗಿ ನಡೆಯುತ್ತಿದ್ದರು. ಡಬ್ಬದ ಮೇಲಿನಿಂದ ಮೆಟ್ಟಿಲಕ್ಕ ಕೈ ಎತ್ತಿದಳು.

"ಹೋಲ್ಡಾನ್!"

ಡ್ರೈವರಣ್ಣ ಕನ್ನಡಿಯಲ್ಲಿ ಹಿಂದೆ ನೋಡಿದ. ಕಂಡಕ್ಟರ್ ಇನ್ನೊಮ್ಮೆ ಕೂಗಿದ. ಬಸ್ಸನ್ನು ಬೇಲಿಗೆ ಅಂಟಿಸಿ ಡ್ರೈವರಣ್ಣ ನಿಲ್ಲಿಸಿದ. ಗಾಲಿ ಪೂರ್ತಿ ನಿಂತಿತು. ಬಿಳಿ ಬೂಟಿನವರು ಮುಗ್ಗರಿಸಿ ಒಬ್ಬರ ಮೇಲೊಬ್ಬರು ಬಿದ್ದರು.

ಕಂಡಕ್ಟರ್ ಹಿಂಬಾಗಿಲು ತೆರೆದು, ಬನ್ನಿ ಅಕ್ಕಾ, ಹತ್ಕೊಳ್ಳಿ, ಅವಸರ ಬೇಡ ಎಂದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಗಂಟಲಕ್ಕ ಸೆರಗು ಸಿಕ್ಕಿಸಿ ಬೇಲಿಯ ಕೆಳಗಿನ ಕಂಬಿಗೆ ಕಾಲಿಟ್ಟಳು, ಮೇಲಿನ ಕಂಬಿ ದಾಟಿದಳು, ನೇರ ಫುಟ್‌ಬೋರ್ಡಿಗೆ ಬಂದಳು. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಮತ್ತೊಬ್ಬಳು, ಪೊರಕೆಯನ್ನು ಮೊದಲು ಒಳಗೆ ಎಸೆದು. ಬಂದವರು ಒಬ್ಬೊಬ್ಬರಾಗಿ ಉಜ್ಜಿದ ಸೀಟುಗಳ ಮೇಲೆ ಕೂತರು. ಒಬ್ಬಳು ದೊಡ್ಡ ಸಾಹೇಬರ ಪಕ್ಕದಲ್ಲೇ ಕೂತು ಬಕೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಮ್ಯಾನೇಜರ ಮುಖ ಕಪ್ಪಿಟ್ಟಿತು. ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ, ಮೊದಲು ರೈಟ್ ಹೇಳು ಎಂದು ಹಲ್ಲು ಕಚ್ಚಿ ಹೇಳಿದರು. ದೊಡ್ಡ ಸಾಹೇಬರ ಎದುರು ಜೋರಾಗಿ ಬೈಯುವಂತಿರಲಿಲ್ಲ.

ಕಂಡಕ್ಟರ್ ರೈಟ್ ಹೇಳಲಿಲ್ಲ. ಮೆಟ್ಟಿಲಕ್ಕ ಡಬ್ಬದಿಂದ ಎದ್ದು, ಊರುಗೋಲು ಒತ್ತಿಕೊಂಡು ಬೇಲಿಯವರೆಗೆ ಬಂದಿದ್ದಳು. ಎಲ್ಲರೂ ಹತ್ತಿದ್ದನ್ನು ನೋಡಿ ಅವಳ ಮುಖ ಅರಳಿತ್ತು. ಕಂಬಿಯ ಮೇಲೆ ಕೈ ಇಟ್ಟಳು. ಕಾಲೆತ್ತಲು ನೋಡಿದಳು, ಆಗಲಿಲ್ಲ. ಹೋಗಿ ಬನ್ನಿ ಎಂದು ಕೈ ಬೀಸಿದಳು.

ಅವನು ಟಿಕೆಟ್ ಮೆಷಿನ್ನನ್ನು ಕೊರಳಿನಿಂದ ತೆಗೆದು ಮ್ಯಾನೇಜರ ಕೈಗೆ ಕೊಟ್ಟ. ಬೇಲಿ ಹತ್ತಿ ಆಚೆಗೆ ಇಳಿದ. ಮ್ಯಾನೇಜರು ಡ್ರೈವರಣ್ಣನ ಕಡೆ ತಿರುಗಿ, ನೀನು ಎತ್ತೋ ಗಾಡಿ ಎಂದರು. ಡ್ರೈವರಣ್ಣ ಕೀಲಿ ತಿರುಗಿಸಿ ಇಂಜಿನ್ ಆರಿಸಿದ. ಕಂಡಕ್ಟರ್ ಇಲ್ಲದೆ ಗಾಡಿ ಎತ್ತಬಾರದು ಸಾರ್, ರೂಲ್ಸು ನಿಮ್ದೇ ಎಂದು ಹೇಳಿ ಬೀಡಿ ಹುಡುಕತೊಡಗಿದ.

ಇಂಜಿನ್ ನಿಂತದ್ದರಿಂದ ಆಚೆ ಈಚೆ ಎಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮೆಟ್ಟಿಲಕ್ಕ ಸಮತೋಲ ತಪ್ಪದಂತೆ ಅವನ ಹೆಗಲ ಮೇಲೆ ಕೈ ಇಟ್ಟಳು. ಯಾಕಪ್ಪಾ ಕೆಲಸ ಕಳ್ಕೋತೀಯ, ಹೋಗು ಎಂದಳು. ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ನೆಲದ ಮೇಲೆ ಅವಳ ಒಂದು ಪಾದ ಇತ್ತು, ಅದನ್ನೇ ನೋಡುತ್ತ ಹೇಳಿದ.

"ಅಕ್ಕಾ, ಅವತ್ತು ನೀನು ಇಳೀಲಾ ಅಂತ ಕೇಳಿದ್ದು ನನಗೆ ಕೇಳಿಸಿತ್ತು. ಕೇಳಿಸಿದ ಮೇಲೇ ರೈಟ್ ಅಂದೆ. ಅಲ್ಲಿ ಟಿವಿಲಿ ಹೇಳ್ತಿರೋದು ಸುಳ್ಳು."

ಬಸ್ಸಿನ ಕಿಟಕಿಗಳಲ್ಲಿ ಮುಖಗಳು ತುಂಬಿದ್ದವು, ಬಿಳಿ ಟೋಪಿಯವೂ ಸೆರಗು ಹೊದ್ದವೂ. ಯಾರೋ ಫೋನು ಹೊರಗೆ ಚಾಚಿದ್ದರು. ಮ್ಯಾನೇಜರು ಅದನ್ನು ಒಳಗೆ ಎಳೆಯಲು ನೋಡುತ್ತಿದ್ದರು.

ಮೆಟ್ಟಿಲಕ್ಕ ಊರುಗೋಲನ್ನು ಕಂಕುಳಿಗೆ ಸರಿಯಾಗಿ ಸಿಕ್ಕಿಸಿಕೊಂಡಳು.

"ನನ್ನ ದನಿ ಸಣ್ಣದಾಗೋಯ್ತು ಅಂತ ದಿನಾ ನನ್ನನ್ನೇ ಬೈಕೊಂಡೆ ಕಣೋ" ಎಂದಳು. "ಒಂಚೂರು ಜೋರಾಗಿ ಕೇಳಿದ್ರೆ ಕಾಲು ಇರ್ತಿತ್ತು ಅಂತ."

ಅವನ ಹೆಗಲ ಮೇಲಿದ್ದ ಕೈಯನ್ನು ತೆಗೆದಳು. ಕಂಬಿ ಹಿಡಿದು, ಅವನ ಆಸರೆಯಿಲ್ಲದೆ, ಬಸ್ಸಿನ ಕಡೆಗೆ ತಿರುಗಿ ನಿಂತಳು. ಹಿಂದಿನ ಖಾಲಿ ಕಾರುಗಳು ಒಂದೇ ಸಮನೆ ಹಾರನ್ ಹೊಡೆಯುತ್ತಿದ್ದವು. ಒಳಗಿನ ಹೆಂಗಸರಲ್ಲಿ ಯಾರೂ ಸೀಟು ಬಿಟ್ಟು ಏಳಲಿಲ್ಲ.